ಅಕ್ಕನ ಬೇವು

ಮಾಡದಕೆರೆಯ ಹತ್ತಿರದ ಹಳ್ಳಿಯಲ್ಲಿ ನಮ್ಮಕ್ಕನ ಮನೆ. ಮನೆಯೆದುರು ಕುರಿ ಕೂಡುವ ರೊಪ್ಪ, ಅದರ ಬಾಗಿಲಲ್ಲಿ ಒಂದೇ ಒಂದು ಬೇವಿನ ಮರ. ಆ ಬಯಲಿಗೆಲ್ಲ ಅದೊಂದೇ ನೆರಳು. ಎರಡು ಬೇಸಿಗೆ ಅಕ್ಕ ಕೊಡ ಹೊತ್ತು ನೀರುಣಿಸಿ ಬೆಳೆಸಿದ್ದಳು. ತನಗಿಂತ ಅದನ್ನೇ ಚೆನ್ನಾಗಿ ನೋಡಿಕೊಂಡಳೆಂದು ಭಾವನ ಗೊಣಗಾಟ.

ಭಾನುವಾರ ಹೊಸದುರ್ಗದಿಂದ ಹೋದರೆ ಮಧ್ಯಾಹ್ನ ನನಗೂ ಅಲ್ಲೇ ಜಾಗ. ಅಕ್ಕ ಸೆರಗು ಹಾಸಿ ಮಲಗುತ್ತಿದ್ದಳು. ನಾನು ಬೊಡ್ಡೆಗೆ ಬೆನ್ನು ಆನಿಸಿ ಕಣ್ಣು ಮುಚ್ಚುತ್ತಿದ್ದೆ. ಬೇರು ಕುಡಿದ ನೀರು ನನ್ನ ಬೆನ್ನ ಹಿಂದೆಯೇ ಮೇಲೇರುತ್ತಿದೆ, ಎಲೆಗಳು ಬಿಸಿಲಲ್ಲಿ ಅಡುಗೆ ಮಾಡುತ್ತಿವೆ, ಆ ಊಟ ತೊಗಟೆಯೊಳಗೆ ಸದ್ದಿಲ್ಲದೆ ಬೇರಿಗಿಳಿಯುತ್ತಿದೆ ಅನ್ನಿಸುತ್ತಿತ್ತು. ಶಾಲೆಯಲ್ಲಿ ಇದನ್ನೇ ಬೋರ್ಡಿನ ಮೇಲೆ ಬಾಣ ಹಾಕಿ ಪಾಠ ಮಾಡುವವಳು ನಾನು. ಅಲ್ಲಿ ಮಕ್ಕಳು ಆಕಳಿಸುತ್ತಾರೆ. ಇಲ್ಲಿ ನಾನೇ ನಿದ್ದೆ ಹೋಗುತ್ತಿದ್ದೆ.

ಒಂದು ದೀಪಾವಳಿ ಕಳೆದ ಮೇಲೆ ಭಾವ ಕುರಿ ಹೊಡೆದುಕೊಂಡು ದೂರ ಮೇಯಿಸಲು ಹೋದರು. ಅಕ್ಕ ಹಿರೇಗುಂಟನೂರಿಗೆ ಮದುವೆಗೆ ಹೊರಟಳು. ಅವಳ ಮುದ್ದಿನ ಹೋತ, ಕುಂಟುತ್ತಿದ್ದ ಗಂಡು ಮೇಕೆ, ಮನೆಯಲ್ಲೇ ಉಳಿಯಿತು. ಅವಳೇ ಅದನ್ನು ಬೇವಿಗೆ ಕಟ್ಟಿ, ಸೊಪ್ಪು ಹಾಕಿ ಹೋದಳು. ಮದುವೆ ಮನೆಯವರು ಒತ್ತಾಯಿಸಿದರೆಂದು ಒಂದು ದಿನ ಹೆಚ್ಚು ಉಳಿದಳು. ಸೊಪ್ಪು ಮುಗಿದ ಮೇಲೆ ಹೋತ ಸುಮ್ಮನಿರುತ್ತದೆಯೇ? ಬೊಡ್ಡೆಯ ತೊಗಟೆಯನ್ನು ಸುತ್ತಲೂ ಸುಲಿದು ತಿಂದಿತ್ತು.

"ಸಗಣಿ, ಕೆಮ್ಮಣ್ಣು ಕಲಸಿ ಬಳಿದೀನಿ. ಮ್ಯಾಲೆ ನೋಡು, ಒಂದೆಲೆನೂ ಬಾಡಿಲ್ಲ. ಏನೂ ಆಗಲ್ಲ ಬಿಡು," ಎಂದಳು ಅಕ್ಕ, ಮುಂದಿನ ಭಾನುವಾರ ನಾನು ಹೋದಾಗ.

ನೀರು ಏರುವ ದಾರಿ ಒಳಗಿನ ಕಟ್ಟಿಗೆಯಲ್ಲಿದೆ, ಅದಕ್ಕೆ ಹಲ್ಲು ತಾಗಿರಲಿಲ್ಲ. ಎಲೆ ಹಸಿರಾಗಿದ್ದದ್ದು ಅದಕ್ಕೇ. ಊಟ ಇಳಿಯುವ ದಾರಿ ಮಾತ್ರ ಕಡಿದುಹೋಗಿತ್ತು. ನನಗೆ ಹೋತದ ಮೇಲೆ ಸಿಟ್ಟು ಬಂತು, ಅಕ್ಕನ ಮೇಲೂ ಬಂತು. ಆದರೆ ಅವಳ ಕೈಯಲ್ಲಿ ಒಣಗಿದ್ದ ಕೆಮ್ಮಣ್ಣು ನೋಡಿ, ಬೇರು ಹಸಿದು ಸಾಯುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ.

ಯುಗಾದಿಗೆ ಆ ಮರ ಎಂದೂ ಇಲ್ಲದಷ್ಟು ಹೂ ಬಿಟ್ಟಿತು. ಭಾವನ ಜೊತೆ ಮರಳಿ ಬಂದಿದ್ದ ಕುರಿಗಳ ಬೆನ್ನ ಮೇಲೆಲ್ಲ ಹೂ.

"ಮರಕ್ಕೆ ಏನಾಗೈತೆ ಹೇಳೇ ಈಗ? ಅವತ್ತಿಂದ ಮುಖ ಸಪ್ಪಗೆ ಮಾಡ್ಕಂಡಿದ್ದೆ."

ಕೆಳಗಿಳಿಯಲಾರದ ಊಟವೇ ಮೇಲೆ ಹೂವಾಗಿದೆ ಎಂದು ಹೇಗೆ ಹೇಳಲಿ? ಬೇವುಬೆಲ್ಲ ಬಾಯಿಗೆ ಹಾಕಿಕೊಂಡು, "ಚೆನ್ನಾಗೈತಕ್ಕ," ಎಂದೆ. ಆ ಮಧ್ಯಾಹ್ನ ಹೂವಿನಡಿ ಮಲಗಿದಾಗ ಕನಸಿನಲ್ಲಿ ಬೇರುಗಳು ಕಂಡವು. ಮಣ್ಣಿನ ಕತ್ತಲಲ್ಲಿ ಎಲೆ ಹಾಕಿಕೊಂಡು ಊಟಕ್ಕೆ ಸಾಲಾಗಿ ಕೂತಿದ್ದವು. ಬಡಿಸುವವರು ಬರಲೇ ಇಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮರ ನಿಂತಲ್ಲೇ ಒಣಗಿತು. ಕುರಿಗಳು ಅಭ್ಯಾಸಕ್ಕೆ ಬಂದು ಕೊಂಬೆಗಳ ಗೀರು ನೆರಳಲ್ಲಿ ನಿಲ್ಲುತ್ತಿದ್ದವು. ಆಗ ಅಕ್ಕನಿಗೆ ಎಲ್ಲ ಹೇಳಿದೆ, ಕನಸನ್ನೂ ಸೇರಿಸಿ.

"ನಾನೇ ಕಟ್ಟಿದ್ದು," ಎಂದಳು, ಅಷ್ಟೇ. ಅವಳು ಅಳಲಿಲ್ಲ. ನನಗೆ ಅಳು ಬಂತು.

ಭಾವ ಕೊಡಲಿ ತಂದ ದಿನ, ಸುಲಿದ ಜಾಗಕ್ಕಿಂತ ಕೆಳಗೆ, ನೆಲದ ಹತ್ತಿರ ಒಂದು ಕೆಂಪು ಚಿಗುರು ಕಂಡಿತು. ಬೇರಿನಲ್ಲಿ ಎಲ್ಲೋ ಒಂದು ತುತ್ತು ಉಳಿದಿತ್ತು. ಭಾವ ಅದನ್ನು ಬಿಟ್ಟು ಮೇಲಿನದನ್ನಷ್ಟೇ ಕಡಿದರು. ಅಕ್ಕ ಸುತ್ತ ಜಾಲಿಮುಳ್ಳು ಕಟ್ಟಿ, ಹೋತವನ್ನು ಹಿತ್ತಿಲಿಗೆ ಸಾಗಿಸಿದಳು.

ಮರುವರ್ಷದ ಯುಗಾದಿಗೆ ಚಿಗುರು ಮೊಣಕಾಲೆತ್ತರ ಬಂದಿತ್ತು. ಅಕ್ಕ ಬೇವು ಕೇಳಲು ಊರೊಳಗೆ ಹೊರಟಳು.

"ಇಲ್ಲೇ ಐತಲ್ಲಕ್ಕ, ಎರಡೆಲೆ ಸಾಕು," ಎಂದು ನಾನು ಮುಳ್ಳಿನೊಳಗೆ ಕೈ ಹಾಕಿದೆ.

ಅಕ್ಕ ನನ್ನ ಕೈ ಹಿಡಿದಳು.

"ಬ್ಯಾಡ ಕಣೆ. ಕೆಳಗೆ ಈಗಿನ್ನೂ ಬಡಿಸಾಕೆ ಶುರುವಾಗೈತೆ. ಪಂಕ್ತಿಯಿಂದ ಎಬ್ಬಿಸಬ್ಯಾಡ."