ನೀರಿನಿಂದ ನಲವತ್ತು ಹೆಜ್ಜೆ

ಆಗಿನ ದಿನಗಳಲ್ಲಿ ಭದ್ರಾ ಡ್ಯಾಮಿನ ಹಿನ್ನೀರು ಇಳಿದರೇನೇ ನಮಗೆ ಬೇಸಿಗೆ. ನಾಲೆಗೆ ನೀರು ಬಿಟ್ಟಷ್ಟೂ ಇತ್ತ ಮೆಕ್ಕಲು ನೆಲ ಮೇಲೇಳುತ್ತಿತ್ತು, ಒಣಮೀನಿನ ವಾಸನೆಯ ಸಮೇತ. ಮಳೆಗಾಲದೊಳಗೆ ಒಂದು ಬೆಳೆ ಬರಲೆಂದು ದಡದ ಊರಿನವರು ಅಲ್ಲಿ ಸೌತೆ ಹಾಕುತ್ತಿದ್ದರು. ಭದ್ರಾವತಿಯಿಂದ ನಾನು ರಜೆಗೆ ಹೋಗುತ್ತಿದ್ದ ದೊಡ್ಡಮ್ಮನ ಮನೆಯವರೂ ಹಾಕುತ್ತಿದ್ದರು. ನಮ್ಮ ಪಾಲಿನ ಕೆಳಗೆ, ನೀರಿನ ಕಡೆಗೆ, ಪಕ್ಕದ ಮನೆಯ ರುದ್ರಣ್ಣನ ಪಾಲು. ಅವರ ಮಗಳು ಲಲಿತ ನನ್ನ ಜೀವದ ಗೆಳತಿ.

ನೀರು ವರ್ಷವೂ ಗುರುತೆಲ್ಲ ನುಂಗುತ್ತಿದ್ದರಿಂದ ಗಡಿಯನ್ನು ಹೊಸದಾಗಿ ಅಳೆಯಬೇಕು. ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆ ದೊಡ್ಡಪ್ಪ, "ನಾಲೆ ನಿಲ್ಸಿದ್ದಾರೆ, ಹದಿನೈದು ದಿನ ನೀರು ಅಲ್ಲಾಡಲ್ಲ" ಎನ್ನುತ್ತಾ ನೀರಂಚಿನಿಂದ ನಲವತ್ತು ಹೆಜ್ಜೆ ಎಣಿಸಿ ಕಲ್ಲಿಟ್ಟರು. ರುದ್ರಣ್ಣ ಹೂಂ ಅಂದರು.

ಕೆಸರು ಆರಲೆಂದು ಎಂಟು ದಿನ ಬಿಟ್ಟು ಬಿತ್ತಲು ಹೋದಾಗ ದೊಡ್ಡಮ್ಮ ಮತ್ತೆ ಹೆಜ್ಜೆ ಹಾಕಿದರು. ಕಲ್ಲಿನಿಂದ ನೀರಿಗೆ ಐವತ್ತೆಂಟು!

"ನೋಡಿದ್ರಾ, ಕಲ್ಲನ್ನ ನಮ್ಮ ಕಡೆ ತಳ್ಳಿದ್ದಾನೆ! ಪುಟ್ಟೀ, ನೀನು ದಿನಾ ಅಲ್ಲೇ ಮೇಲಿನ ದಡದಲ್ಲಿ ಕುಂಟೆಬಿಲ್ಲೆ ಆಡ್ತೀಯಲ್ಲ, ಏನಾದ್ರೂ ಕಂಡ್ಯಾ?"

"ರುದ್ರಣ್ಣ ಕಲ್ಲಿನ ಹತ್ರ ಬಗ್ಗಿದ್ರು" ಅಂದೆ. ಕಾಲಿನ ಮುಳ್ಳು ಕೀಳುತ್ತಿದ್ದರು ಅನ್ನುವುದನ್ನು ಹೇಳಲಿಲ್ಲ. ದೊಡ್ಡವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದದ್ದು ಹಿತವಾಗಿತ್ತು.

ಅಲ್ಲಿಂದ ಎಲ್ಲದರಲ್ಲೂ ಅನುಮಾನ. ಅವರ ಮನೆಯಿಂದ ಬಂದ ಹಲಸಿನ ತೊಳೆಯನ್ನು ದೊಡ್ಡಮ್ಮ ಮೂಸಿ ನೋಡಿ, "ಇಷ್ಟು ಒಳ್ಳೇ ಹಣ್ಣು ಸುಮ್ನೆ ಕೊಡ್ತಾರೇನೇ ಮಾರಾಯ್ತಿ?" ಎಂದು ದನಕ್ಕೆ ಹಾಕಿದರು.

"ಕಲ್ಲಿಗೇನು ಕಾಲಿದ್ಯಾ ಅತ್ತಿಗೆ?" ಎಂದು ರುದ್ರಣ್ಣ ಬೇಲಿಯಾಚೆಯಿಂದ ಕೂಗಿದರು.

"ಕಲ್ಲಿಗಿಲ್ಲ, ನಿಮಗಿದೆಯಲ್ಲ!"

ಅಂದು ಸಂಜೆಯೇ ಲಲಿತ ಬಂದಳು. "ನಮ್ಮಪ್ಪ ಕಳ್ಳ ಅಂದ್ಯಂತೆ?"

"ಹಾಗಂದಿಲ್ಲ ಕಣೇ."

"ಮತ್ತೇನಂದೆ?"

ಅವಳು ತನ್ನ ಹಂಚಿನ ಬಿಲ್ಲೆ ಎತ್ತಿಕೊಂಡು ಹೋದಳು.

ಮರುದಿನ ರಜೆ ಮುಗಿಸಿ ಹೊರಟಾಗ ಭದ್ರಾವತಿ ಬಸ್ಸಿನ ಕಿಟಕಿಯಿಂದ ನಾಲೆ ಕಂಡಿತು. ಅಂಚಿನವರೆಗೂ ತುಂಬಿ ಓಡುತ್ತಿತ್ತು. "ನಾಲೆ ನಿಂತಿತ್ತಲ್ವಾ?" ಎಂದು ಕಂಡಕ್ಟರನ್ನು ಕೇಳಿದೆ.

"ಯಾವ ಲೋಕದಲ್ಲಿದ್ದೀಯಮ್ಮಾ? ಕೆಳಗಿನ ಗದ್ದೆ ಒಣಗ್ತಿದೆ ಅಂತ ಬಿಟ್ಟು ವಾರ ಆಯ್ತು."

ಸರಿದದ್ದು ನೀರು. ಕಲ್ಲು ಇಟ್ಟಲ್ಲೇ ಇತ್ತು.

ಮುಂದಿನ ಬೇಸಿಗೆ ಹೋದವಳೇ ಮುಳ್ಳಿನ ಮಾತನ್ನು ದೊಡ್ಡಮ್ಮನಿಗೆ ಹೇಳಿಬಿಟ್ಟೆ. "ನಾಲೆ ಬಿಟ್ಟಿದ್ದು ನಮಗೂ ಆಮೇಲೆ ಗೊತ್ತಾಯ್ತು" ಅಂದರು. ಮತ್ತೆ ಅಕ್ಕಿ ಆರಿಸುತ್ತಾ, "ಆದ್ರೂ ಮುಳ್ಳು ಕೀಳೋಕೆ ಆ ಕಲ್ಲೇ ಬೇಕಿತ್ತಾ ಅವನಿಗೆ?"

ಲಲಿತ ಆಗಲೇ ಹೊಳೆಹೊನ್ನೂರಿನ ಅಜ್ಜಿಮನೆಗೆ ಶಾಲೆಗೆಂದು ಹೋಗಿದ್ದಳು. ಈಗ ಆ ಮೆಕ್ಕಲಿನಲ್ಲಿ ನಮ್ಮವರ್ಯಾರೂ ಸೌತೆ ಹಾಕುವುದಿಲ್ಲ. ಡ್ಯಾಮಿನ ನೀರಿನ ಮಟ್ಟ ದಿನವೂ ಪೇಪರಿನಲ್ಲಿ ಬರುತ್ತದೆ, ಇಂತಿಷ್ಟು ಅಡಿ ಎಂದು. ಅದು ಇಳಿಯುತ್ತಾ ಬಂದ ಹಾಗೆ "ಮತ್ತೇನಂದೆ?" ಎಂಬ ದನಿ ಕೇಳಿಸುತ್ತದೆ. ಉತ್ತರ ಇವತ್ತು ನನ್ನ ಬಾಯಲ್ಲೇ ಇದೆ. ಕೇಳಿದವಳು ಯಾವ ಊರಿನಲ್ಲಿದ್ದಾಳೋ ಗೊತ್ತಿಲ್ಲ.