ಕೆಂಪು ನಲ್ಲಿಯ ತಣ್ಣೀರು

ಕತಾರಿನ ಬೇಸಿಗೆಯಲ್ಲಿ ನಮ್ಮ ನಲ್ಲಿಗಳದು ಉಲ್ಟಾ ಸಂಸಾರ. ತಾರಸಿಯ ಟ್ಯಾಂಕ್ ಬಿಸಿಲಿಗೆ ಕಾದು, ನೀಲಿ ಗುರುತಿನ ನಲ್ಲಿಯಲ್ಲಿ ಸುಡುವ ನೀರು ಬರುತ್ತದೆ. ಅದಕ್ಕೇ ಮೇ ತಿಂಗಳು ಬಂತೆಂದರೆ ನಾವೆಲ್ಲ ಬಚ್ಚಲಿನ ಹೀಟರ್ ಆರಿಸಿಬಿಡುತ್ತೇವೆ. ಎಸಿಯ ತಂಪಿಗೆ ಹೀಟರಿನೊಳಗಿನ ನೀರು ತಣ್ಣಗಾಗಿರುತ್ತದೆ. ಬಿಸಿನೀರಿಗೆಂದು ಇಟ್ಟ ಕೆಂಪು ನಲ್ಲಿ ತಿರುಗಿಸಿ ಅದರಲ್ಲೇ ಸ್ನಾನ. ನಾವಿರುವ ಮುಐದರ್ ಬಡಾವಣೆಯಲ್ಲಿ ಇದು ಮಕ್ಕಳಿಗೂ ಗೊತ್ತು. ಉಡುಪಿಯಿಂದ ಮೊನ್ನೆಯಷ್ಟೇ ಬಂದಿದ್ದ ನನ್ನ ಮಾವನಿಗೆ ಯಾರಾದರೂ ಹೇಳಬೇಕಿತ್ತು. ನಾನು ಹೇಳಿರಲಿಲ್ಲ.

ಆ ಸಂಜೆ ವೆಸ್ಟ್ ಬೇಯ ಆಫೀಸಿನಿಂದ ಬೆವರಿ ಬಂದವಳು ನೇರ ಬಚ್ಚಲಿಗೆ ಹೋಗಿ ಕೆಂಪು ನಲ್ಲಿ ತಿರುಗಿಸಿದೆ. ಕಾದ ನೀರು ಭುಜದ ಮೇಲೆ ಸುರಿಯಿತು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನೈಟಿ ಸಿಕ್ಕಿಸಿಕೊಂಡು ಹೊರಬಂದು, "ಹೀಟರ್ ಹಾಕಿದ್ದು ಯಾರು?" ಎಂದು ಕೂಗಿದೆ.

ಮಾವ ಎದ್ದು ನಿಂತರು. "ನಾನೇ ಮಗಾ. ನೀನು ಸುಸ್ತಾಗಿ ಬರ್ತಿ ಅಲ್ವಾ, ಬಿಸಿನೀರು ಇರ್ಲಿ ಅಂತ..."

"ಗೊತ್ತಿಲ್ಲದಿದ್ರೆ ಈ ಮನೆಯಲ್ಲಿ ಯಾವ ಸ್ವಿಚ್ಚೂ ಮುಟ್ಬೇಡಿ. ಖಲಾಸ್!"

"ಸಾಕು ಮಾರಾಯ್ತಿ" ಎಂದರು ನನ್ನ ಗಂಡ. ಸಾಕಾಗಿರಲಿಲ್ಲ, ಇನ್ನೂ ಏನೇನೋ ಅಂದೆ.

ಹೊರಗಿನಿಂದ ಬಂದವರಿಗೆ ಹಂಡೆಯಲ್ಲಿ ನೀರು ಕಾಯಿಸಿಡುವುದು ಊರಿನಲ್ಲಿ ಮಾವನ ಮನೆಯ ಮರ್ಯಾದೆ. ಮದುವೆಯಾಗಿ ಹೋದ ದಿನ ನನಗಾಗಿ ಒಲೆಗೆ ಬೆಂಕಿ ಹಾಕಿದವರೂ ಮಾವನೇ. ಬೈಯುವಾಗ ಅದು ನೆನಪಾಗಲಿಲ್ಲ. ನೆನಪಾದ ಮೇಲೆ ನಾಚಿಕೆಯಿಂದ ಊಟ ಸೇರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕ್ಷಮೆ ಕೇಳುವ ಬದಲು ಮರುದಿನ ಅವರಿಷ್ಟದ ಬಂಗುಡೆ ಸಾರು ಮಾಡಿದೆ. ಅವರು ಚೆನ್ನಾಗಿದೆ ಎಂದರು, ನಾನು ಮುಗಿಯಿತು ಎಂದುಕೊಂಡೆ.

ಮುಂದಿನ ವಾರ ಒಂದು ಮಧ್ಯಾಹ್ನ ಬೇಗ ಮನೆಗೆ ಬಂದೆ. ಮಾವ ಬಾಗಿಲ ಹೊರಗೆ, ಮೆಟ್ಟಿಲ ಮೇಲೆ ಕೂತಿದ್ದರು. ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು, ಬನಿಯನ್ ಒದ್ದೆಯಾಗಿತ್ತು.

"ಇದೆಂತ ಮಾವ, ಈ ಬಿಸಿಲಲ್ಲಿ?"

"ಒಳಗೆ ಚಳಿ ಮಗಾ. ಸ್ವಲ್ಪ ಮೈ ಕಾಯಿಸಿಕೊಂಡು ಹೋಗುವ ಅಂತ."

ಒಳಗೆ ಎಸಿಯ ಥರ್ಮೋಸ್ಟಾಟ್ ಹತ್ತೊಂಬತ್ತರಲ್ಲಿತ್ತು. ಬೆಳಿಗ್ಗೆ ನಾನೇ ಇಳಿಸಿ ಹೋಗಿದ್ದೆ.

"ಎಸಿ ಕಮ್ಮಿ ಮಾಡ್ಬಹುದಿತ್ತಲ್ಲ?"

"ಅದೂ ಸ್ವಿಚ್ಚೇ ಅಲ್ವಾ" ಎಂದರು. ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೈ ಹಿಡಿದು ಒಳಗೆ ಕರೆತಂದೆ. "ತಪ್ಪಾಯ್ತು ಮಾವ" ಎಂದೆ. ಗೋಡೆಯ ಮೇಲಿನ ಆ ಪುಟ್ಟ ಡಬ್ಬಿ ತೋರಿಸಿ, ಮೇಲಿನ ಬಾಣ ಒತ್ತಿದರೆ ಚಳಿ ಕಡಿಮೆ, ಕೆಳಗಿನದು ಒತ್ತಿದರೆ ಜಾಸ್ತಿ ಎಂದು ಹೇಳಿಕೊಟ್ಟೆ. "ಒಮ್ಮೆ ಒತ್ತಿ ನೋಡಿ" ಎಂದೆ.

ಮಾವ ತಲೆಯಾಡಿಸುತ್ತ ಎಲ್ಲವನ್ನೂ ಕೇಳಿದರು. ಕೈಗಳನ್ನು ಮಾತ್ರ ಬೆನ್ನ ಹಿಂದೆ ಕಟ್ಟಿಕೊಂಡೇ ನಿಂತಿದ್ದರು.

"ನೀನೇ ಒತ್ತು ಮಗಾ" ಎಂದರು.