ಬರಣಿಗೆ ಬಿದ್ದ ಒಂದು ಹಿಡಿ ಸೋಡಾ

ಮಕ್ಕಳೇ, ನಾನು ದೊಡವಾಡದ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಮದುವೆಯಾಗಿ ರಾಮದುರ್ಗದ ಕಡೆಯ ಈ ನೇಕಾರರ ಊರಿಗೆ ಬಂದೆ. ನಿಮ್ಮ ಅಜ್ಜ ನೂಲಿಗೆ ಬಣ್ಣ ಹಾಕುತ್ತಿದ್ದರು. ಅವರು ತೀರಿಕೊಂಡ ಮೇಲೂ ಹಂಡೆಯ ಕೆಳಗಿನ ಒಲೆಯನ್ನು ನಾನು ಆರಗೊಡಲಿಲ್ಲ. ನೂಲಿಗೆ ಕೆಂಪು ಹಿಡಿಯಿತೋ ಇಲ್ಲವೋ ಎಂಬುದು ನನಗೆ ನೂಲಿನ ಕಟ್ಟನ್ನು, ಲಡಿಯನ್ನು, ಎತ್ತಿದ ಕೈಭಾರದಿಂದಲೇ ಗೊತ್ತಾಗುತ್ತದೆ. ಆದರೆ ಹೊರಗಿನ ಗಂಡಸರ ಮುಂದೆ ಮಾತಾಡುವುದು ಮಾತ್ರ ಬರುತ್ತಿರಲಿಲ್ಲ. ಯಾರಾದರೂ ಅಂಗಳಕ್ಕೆ ಬಂದರೆ ಸೆರಗು ಎಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದೆ.

ಹೋದ ವರ್ಷದ ಬೇಸಿಗೆಯಲ್ಲಿ ಪಕ್ಕದ ಮನೆಯಾಕೆ ತನ್ನ ಗಂಡನ ಧೋತರ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದಳು. ಅವರದು ಒಕ್ಕಲುತನದ ಮನೆ. ನಮ್ಮ ಹಂಡೆಯ ನೀರು ಹಿತ್ತಲಿನ ಗುಂಡಿಗೆ ಹೋಗುತ್ತಿತ್ತು, ಗುಂಡಿಯಾಚೆ ಅವರ ಬಾವಿ ಇದೆ.

"ಯಕ್ಕಾ, ನೋಡಿಲ್ಲಿ," ಎಂದು ಧೋತರ ಬಿಡಿಸಿದಳು. ಅದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. "ನಮ್ಮ ಬಾವಿ ನೀರಾಗ ಒಗದದ್ದು. ನಮ್ಮ ಮನಿಯವರು ಈ ವಯಸ್ಸಿನ್ಯಾಗ ಮದಿಮಗನಂಗ ಕಾಣಾಕ ಹತ್ಯಾರ. ನಗೂದು ಇರಲಿ, ಎಮ್ಮಿ ನೀರಿಗೆ ಬಾಯಿ ಹಚ್ಚವಲ್ದು."

ಅವಳು ಹೇಳಿದ್ದು ಸುಳ್ಳಲ್ಲ. ನಾನು ತಲೆ ತಗ್ಗಿಸಿ ನಿಂತೆ. ವಾರದೊಳಗೆ ಪಂಚಾಯ್ತಿಯ ಮೆಂಬರು ಬಂದು, ನೀರಿಗೆ ಏನಾದರೂ ವ್ಯವಸ್ಥೆ ಮಾಡದಿದ್ದರೆ ಹಂಡೆ ಇಳಿಸಬೇಕು ಎಂದು ಹೇಳಿ ಹೋದರು. ಹಂಡೆ ಇಳಿಸಿದರೆ ಕೆಲಸವಷ್ಟೇ ಅಲ್ಲ, ಬೆಳಗಾದರೆ ನಾನು ಏಳುವ ಕಾರಣವೇ ಹೋಗುತ್ತಿತ್ತು.

ಆಗ ನಿಮ್ಮ ದೊಡ್ಡಕ್ಕ ಧಾರವಾಡದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಳು. ಸಂಗತಿ ಕೇಳಿ ಒಂದು ಸಣ್ಣ ಬಾಟಲಿ ಹಿಡಿದುಕೊಂಡು ಬಂದಳು. ಅದರಲ್ಲಿ ಕಾಡಿಗೆಯಂಥ ಕರಿ ಪುಡಿ.

"ಆಯಿ, ಇದು ಕಬ್ಬಿಣದ್ದ. ನಾವ ಲ್ಯಾಬಿನ್ಯಾಗ ಮಾಡಿದ್ದು. ಇದಕ್ಕ ನ್ಯಾನೋ ಅಂತಾರ. ನಿನ್ನ ಒಂದು ತಲಿಕೂದಲಿನ ದಪ್ಪದಾಗ ಇಂಥಾ ಕಣ ಸಾವಿರಾರು ಸಾಲಾಗಿ ನಿಂದರತಾವ. ಬಣ್ಣ ಇದಕ್ಕ ಅಂಟಿಕೋತದ. ಆಮ್ಯಾಲ ಆಯಸ್ಕಾಂತ ಹಿಡದ್ರ ಪುಡಿ ಬಣ್ಣ ಹೊತ್ಕೊಂಡ ಹೊರಗ ಬರ್ತದ."

"ಇಷ್ಟ ಪುಡಿ ನನ್ನ ಹಂಡೇವಿನ ಕೆಂಪ ಹೊತ್ಕೊಂಡ ಹೋಗ್ತದಂತ? ಹಂಗಾದ್ರ ನನಗೂ ಒಂದೀಟು ಮೈ ತಿಕ್ಕೋಳಾಕ ಕೊಡು, ವಯಸ್ಸ ಹೊತ್ಕೊಂಡ ಹೋಗಲಿ," ಎಂದೆ. ಮೊಮ್ಮಕ್ಕಳ ಮುಂದೆ ನನಗೆ ಬಾಯಿ ಇತ್ತು.

ಯರಗಟ್ಟಿಯ ಗುಜರಿ ಅಂಗಡಿಯಿಂದ ಹಳೆಯ ಸ್ಪೀಕರಿನ ದೊಡ್ಡ ಆಯಸ್ಕಾಂತವನ್ನು ನನ್ನ ಮಗ ತಂದ. ಎಲ್ಲರಿಗೂ ಕಾಣಲಿ ಎಂದು ಉಪ್ಪಿನಕಾಯಿಯ ಗಾಜಿನ ಬರಣಿ ತೊಳೆದೆ. ಮೆಂಬರು, ಪಕ್ಕದಾಕೆ, ಇನ್ನು ನಾಲ್ಕು ಜನ ಅಂಗಳಕ್ಕೆ ಬಂದು ಕುಳಿತರು. ನಾನು ಬಾಗಿಲ ಮರೆಗೆ ನಿಂತೆ.

ನಿಮ್ಮ ಅಕ್ಕ ಬರಣಿಗೆ ಹಂಡೆಯ ನೀರು ತುಂಬಿ, ಏನೋ ಹನಿ ಬಿಟ್ಟು, ಪುಡಿ ಹಾಕಿ ಕಲಕಿದಳು. ಆಯಸ್ಕಾಂತ ತರಲು ಒಳಗೆ ಬಂದಳು. ಅಷ್ಟರಲ್ಲಿ ನನ್ನ ಕೈ ಸುಮ್ಮನಿರಲಿಲ್ಲ. ಹತ್ತಿ ನೂಲಿನ ಬಣ್ಣದ ಕೆಲಸದಲ್ಲಿ ಪುಡಿ ಬಿದ್ದ ಮೇಲೆ ಸೋಡಾ ಬೀಳಬೇಕು; ಆಗಲೇ ಬಣ್ಣ ನೂಲನ್ನು ಕಚ್ಚಿ ಹಿಡಿಯುವುದು. ಹುಡುಗಿ ಮರೆತಳು ಎಂದುಕೊಂಡೆ. ಮರೆಯಿಂದ ಹೊರಬಂದು, ಒಂದು ಹಿಡಿ ಸೋಡಾ ಬರಣಿಗೆ ಹಾಕಿ ಕಲಕಿ ಹಿಂದಕ್ಕೆ ಸರಿದೆ. ಅಡುಗೆಗೆ ಉಪ್ಪು ಹಾಕಿದಷ್ಟು ಸಹಜವಾಗಿ. ಜನ ತಮ್ಮ ಮಾತಿನಲ್ಲಿದ್ದರು, ಯಾರೂ ಗಮನಿಸಲಿಲ್ಲ.

ಅಕ್ಕ ಬರಣಿಗೆ ಆಯಸ್ಕಾಂತ ಹಿಡಿದಳು. ಕರಿ ಪುಡಿ ಇರುವೆಗಳಂತೆ ಹರಿದು ಬಂದು ಗಾಜಿಗೆ ಅಂಟಿತು. ನೀರು ಮೊದಲಿನ ಹಾಗೆಯೇ ಕೆಂಪು.

"ಪುಡಿ ಬಂತು, ಬಣ್ಣ ಬರಲಿಲ್ಲ," ಎಂದರು ಮೆಂಬರು.

ಪಕ್ಕದಾಕೆ ನಕ್ಕಳು. "ಏನ ಬೇ ತಂಗಿ, ಧಾರವಾಡದಿಂದ ಮಸಿ ತಂದಿಯೇನ?"

ಅಕ್ಕನ ಕಿವಿ ಕೆಂಪಾದವು. "ಕಾಲೇಜಿನ್ಯಾಗ ಬಂದಿತ್ರಿ... ಹುಳಿ ಆಸಿಡ್ ಹಾಕೇನಿ, ಬರಬೇಕಿತ್ತು," ಎಂದು ಬರಣಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಹುಳಿ ಎಂದ ಕೂಡಲೇ ನಾನು ಸೋಡಾ ಹಾಕಿದ ಕೈಯನ್ನು ನೋಡಿಕೊಂಡೆ. ಹುಳಿಯ ಮೇಲೆ ಸೋಡಾ ಬಿದ್ದರೆ ಹುಳಿ ಸತ್ತಂತೆ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸುಮ್ಮನಿದ್ದರೆ ತಪ್ಪು ಹುಡುಗಿಯ ತಲೆಗೆ, ಹಂಡೆ ನೆಲಕ್ಕೆ. ಮೆಂಬರು ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು.

ನಾನು ಅಂಗಳದ ನಡುವೆ ಬಂದು ನಿಂತೆ. "ಕುಂದರ್ರಿ. ತಪ್ಪು ಆಕೀದಲ್ರಿ, ನಂದು. ನಾ ಸೋಡಾ ಹಾಕೇನಿ."

ಅಷ್ಟು ಜನರ ಮುಂದೆ ನನ್ನ ದನಿ ನನಗೇ ಹೊಸದಾಗಿತ್ತು.

"ಆಯಿ!" ಎಂದಳು ಅಕ್ಕ. "ಯಾಕ ಹಾಕಿದಿ?"

"ಕೈಗೆ ರೂಢಿ ಬೇ ಯವ್ವಾ. ನಲವತ್ತು ವರ್ಷದ್ದು."

"ಅಂದ್ರ ಮುದುಕಿ ಪಲ್ಯಾಕ್ಕ ಎರಡು ಸಲ ಉಪ್ಪು ಹಾಕಿದಂಗ ಆತು," ಎಂದಳು ಪಕ್ಕದಾಕೆ.

"ಪಲ್ಯಾ ಕೆಟ್ಟದ, ಸುಧಾರಿಸೂದೂ ನನಗ ಗೊತ್ತೈತಿ," ಎಂದೆ.

ರೇಷ್ಮೆಯ ಲಡಿಗೆ ಬಳಸುವ ಹುಳಿ ಆಸಿಡ್ ಕಪಾಟಿನಲ್ಲಿತ್ತು. ಆಯಸ್ಕಾಂತ ಸರಿಸಿ ಬರಣಿಗೆ ಸ್ವಲ್ಪ ಸ್ವಲ್ಪವಾಗಿ ಬಿಟ್ಟೆ. ಬುಸ್ಸೆಂದು ನೊರೆ ಎದ್ದಿತು. ಸೋಡಾದ ನೀರು ಬೆರಳ ನಡುವೆ ಜಾರುತ್ತದೆ. ಒಂದು ಹನಿ ತಿಕ್ಕಿ ನೋಡುತ್ತ, ಜಾರು ಪೂರ್ತಿ ಹೋಗುವವರೆಗೆ ಬಿಟ್ಟೆ. ಅಕ್ಕ ಹುಳಿ ಅಳೆಯುವ ಕಾಗದ ಅದ್ದಿ, "ಸಾಕು ಆಯಿ, ಬರೋಬ್ಬರಿ ಐತಿ," ಎಂದಳು. ಮತ್ತೆ ಕಲಕಿದೆವು. ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟು ಅವಳು ಆಯಸ್ಕಾಂತ ಹಿಡಿದಳು.

ಪುಡಿ ಗಾಜಿಗೆ ಬಂತು. ಬರಣಿಯ ನೀರಿನಾಚೆ ಪಡಸಾಲೆಯ ಗೋಡೆಯ ಗಡಿಯಾರ ಕಾಣಿಸಿತು. ನೀರಿನಲ್ಲಿ ಉಳಿದದ್ದು ಎಳೆ ದಾಳಿಂಬೆಯ ಕಾಳಿನಷ್ಟು ತೆಳು ಕೆಂಪು.

ಪಕ್ಕದಾಕೆ ಮನೆಗೆ ಹೋಗಿ ಇನ್ನೊಂದು ಬಿಳಿ ಧೋತರ ತಂದು, ಅದರ ಅಂಚಿನ ಚುಂಗನ್ನು ಬರಣಿಗೆ ಅದ್ದಿ ಹಿಂಡಿ ಬಿಸಿಲಿಗೆ ಹಿಡಿದಳು. ಬಿಳಿಯಾಗಿಯೇ ಇತ್ತು.

"ಎಮ್ಮಿ ಇದನ್ನ ಕುಡಿಬಹುದೇನ?" ಎಂದು ಕೇಳಿದಳು.

"ಬ್ಯಾಡ್ರಿ ಕಾಕಿ," ಎಂದಳು ಅಕ್ಕ. "ಬಣ್ಣ ಹೋಗೇತಿ, ಬಣ್ಣದ ಜೋಡಿ ಹಾಕಿದ ಉಪ್ಪು ಹೋಗಿಲ್ಲ. ಇದನ್ನ ಮತ್ತ ಹಂಡೇಕ್ಕ ಹಾಕಬೇಕು, ಗುಂಡಿಗೆ ಬಿಡಬಾರದು."

ಮೆಂಬರು ನನ್ನ ಕಡೆ ತಿರುಗಿ, "ಅಕ್ಕಾರ, ಮೂರು ತಿಂಗಳು ನೋಡೂಣು," ಎಂದರು. ಅವರು ನನ್ನೊಡನೆ ನೇರವಾಗಿ ಮಾತಾಡಿದ್ದು ಅದೇ ಮೊದಲು.

ಅಂದು ಸಂಜೆ ಅಕ್ಕ ಅದೇ ಪುಡಿಯನ್ನು ಇನ್ನೊಂದು ಪಾತ್ರೆಗೆ ಹಾಕಿ, ಸೋಡಾ ನೀರು ಸುರಿಯಲು ನನಗೇ ಹೇಳಿದಳು. ಪುಡಿ ಹಿಡಿದಿದ್ದ ಕೆಂಪೆಲ್ಲ ಬಿಟ್ಟುಕೊಟ್ಟಿತು. "ತೊಳದ್ರ ಮತ್ತ ಉಪಯೋಗಕ್ಕ ಬರ್ತದ. ನಿನ್ನ ಕೈ ತಪ್ಪು ಹೊತ್ತಿಗೆ ಹಾಕಿತ್ತು, ಅಷ್ಟ," ಎಂದು ನಕ್ಕಳು. ಅಂದಿನಿಂದ ಆ ಕೆಂಪು ನೀರನ್ನು ತಗಡಿನ ತಟ್ಟೆಯಲ್ಲಿ ಬಿಸಿಲಿಗೆ ಒಣಗಿಸಿ, ಉಳಿದ ಬಣ್ಣದ ಹಕ್ಕಳೆಯನ್ನು ಡಬ್ಬಿಯಲ್ಲಿ ಮುಚ್ಚಿಡುತ್ತೇನೆ.

ಮೂರು ತಿಂಗಳು ಕಳೆದು ಬಹಳ ದಿನಗಳಾದವು. ಹಂಡೆ ಇದ್ದಲ್ಲೇ ಇದೆ; ಅದರ ನೀರನ್ನು ಪುಡಿ ಹಾಕಿ ತಿಳಿ ಮಾಡಿ ಮತ್ತೆ ಹಂಡೆಗೇ ಹಾಕುತ್ತೇನೆ, ಗುಂಡಿಗೆ ಬಿಡುವುದಿಲ್ಲ. ಬಾವಿಗೆ ಮಳೆಗಾಲದ ಹೊಸ ನೀರು ಬಂದ ಮೇಲೆ ಎಮ್ಮೆ ಕುಡಿಯತೊಡಗಿತು. ಆದರೂ ಪಕ್ಕದಾಕೆ ಸೋಮವಾರಕ್ಕೊಮ್ಮೆ ಬಾವಿಯ ನೀರು ಒಂದು ಕೊಡ, ಒಂದು ಬಿಳಿ ಬಟ್ಟೆ ತರುತ್ತಾಳೆ. ನನ್ನ ಕಣ್ಣೆದುರೇ ಅದ್ದಿ ಹಿಂಡುತ್ತಾಳೆ. ನಾನು ಒಳಗೆ ಹೋಗುವುದಿಲ್ಲ. ಬಟ್ಟೆಯ ಇನ್ನೊಂದು ಚುಂಗು ಹಿಡಿದು, ಅವಳ ಜೊತೆಗೆ ಬಿಸಿಲಿಗೆ ಎತ್ತಿ ನೋಡುತ್ತೇನೆ.